ಎರಡು ಬೀಗದ ಮನೆ

ಬೇರೆಯಾದ ಗಂಡ ಹೆಂಡತಿಯ ಮನೆ ಮಾರುವ ವ್ಯಾಜ್ಯದಲ್ಲಿ ಇಬ್ಬರ ಅರ್ಜಿಗಳನ್ನೂ ಮೂರು ವರ್ಷದಿಂದ ಟೈಪ್ ಮಾಡಿಕೊಡುತ್ತಿದ್ದವಳು ಕೋರ್ಟಿನ ಟೈಪಿಸ್ಟ್ ಒಬ್ಬಳೇ. ಕಾಗದದ ಮೇಲೆ ಅವರು ಹಾವು ಮುಂಗುಸಿ. ಇಂದು ವಾಯಿದೆ ಮತ್ತೆ ಮುಂದಕ್ಕೆ ಹೋಗಿ, ಇಬ್ಬರೂ ಕೋರ್ಟಿನ ವರಾಂಡದಲ್ಲಿ ಅವಳ ಮೇಜಿನ ಪಕ್ಕದ ಬೆಂಚಿನ ಮೇಲೆ ಸುಸ್ತಾಗಿ ಕೂತಿದ್ದರು. ಟೈಪಿಸ್ಟ್ ಬೆರಳು ನಿಲ್ಲಿಸಲಿಲ್ಲ, ಕಿವಿ ಮಾತ್ರ ಅತ್ತ ಕೊಟ್ಟಳು.

“ಶನಿವಾರ ಮನೆ ನೋಡೋಕೆ ಯಾರೋ ಬರ್ತಾರಂತೆ. ನಿನ್ನ ಕೀ ಮರೀಬೇಡ.”

“ನಾನ್ಯಾವತ್ತು ಮರೆತಿದ್ದೆ? ಹೋದ ಸಲ ಗೇಟಲ್ಲಿ ಒಂದು ಗಂಟೆ ಕಾಯ್ಸಿದ್ದು ನೀವು.”

“ಬಾಗಿಲಿಗೆ ನಂಗೊಂದು ನಿಂಗೊಂದು ಅಂತ ಎರಡು ಬೀಗ ಹಾಕ್ಸಿದ್ದು ನಿನ್ನ ಲಾಯರ್ ತಾನೇ?”

“ನೀವು ಹೇಳ್ದೆ ಕೇಳ್ದೆ ಹೋಗಿ ಫ್ಯಾನ್ ಬಿಚ್ಕೊಂಡು ಬಂದ್ರಲ್ಲ, ಅದಕ್ಕೆ.”

“ಸರಿ ಬಿಡು. ಈ ಸಲ ಗೋಡೆ ಸೋರುತ್ತೆ ಅಂತ ಬಾಯಿ ಬಿಡ್ಬೇಡ. ಮಾರಿ ಕೈ ತೊಳ್ಕೊಳ್ಳೋಣ.”

“ನೀವೂ ಪಕ್ಕದ್ಮನೆಯವರ ಕಾಟ ವರ್ಣಿಸ್ಬೇಡಿ. ನಂಗೂ ಸಾಕಾಗಿದೆ. ಎಷ್ಟೊತ್ತಿಗೆ ಬರ್ತಾರೆ?”

“ಹನ್ನೊಂದಕ್ಕೆ. ನೀನು ಒಂಬತ್ತಕ್ಕೇ ಬಾ.”

“ಗುಡಿಸೋಕೆ ಅರ್ಧ ಗಂಟೆ ಸಾಕಲ್ಲ?”

“ಸಾಕು. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳೋಣ.”

ಹೆಂಡತಿ ಬೇಡವೆನ್ನಲಿಲ್ಲ. ಫೈಲು ಎತ್ತಿಕೊಂಡು ತನ್ನ ಲಾಯರ್ ಇದ್ದ ಕಡೆಯ ಮೆಟ್ಟಿಲಿಳಿದಳು. ಗಂಡ ಇನ್ನೊಂದು ಕಡೆಯಿಂದ ಇಳಿದ.