ಜಾರದ ಕೈಗೆ ಸನ್ಮಾನ

ಮಾನ್ಯ ಅಧ್ಯಕ್ಷರಾದ ಲಿಂಬು ಮೇಷ್ಟ್ರೇ, ದಾರಿಯುದ್ದಕ್ಕೂ ಕೆಂಧೂಳು ಕುಡಿದುಕೊಂಡು ಬಂದಿರುವ ಮುಖ್ಯ ಅತಿಥಿಗಳಾದ ಗಣಿ ಅಧಿಕಾರಿಗಳೇ, ಮಕೊಲೆ ಗುಡ್ಡದ ಚಿನ್ನ ಅಗೆಯುವವರ ಸಂಘದ ಸಮಿತಿಯವರೇ, ಒಳಗೆ ಜಾಗವಿದ್ದರೂ ಕಿಟಕಿಯ ಹೊರಗೇ ನಿಂತಿರುವ ತಾಯಂದಿರೇ, ಮೂಲೆಯಲ್ಲಿರುವ ಸೋಡಾ ಬಾಟಲಿಗಳ ಮೇಲೆ ಒಂದು ಕಣ್ಣು, ನನ್ನ ಮೇಲೆ ಇನ್ನೊಂದು ಕಣ್ಣು ಇಟ್ಟು ಕುಳಿತಿರುವ ನನ್ನ ಪ್ರೀತಿಯ ಸಭಿಕರೇ,

ನನಗೆ ಭಾಷಣ ಬರುವುದಿಲ್ಲ. ಬರುವುದಾದರೂ ಹೇಗೆ? ರಾಟೆಯ ಹಿಡಿಕೆ ಕೈಯಲ್ಲಿರುವಾಗ ಮಾತಾಡಬಾರದು ಎಂಬುದು ನಮ್ಮ ಗುಡ್ಡದ ಕಟ್ಟಳೆ. ಇಪ್ಪತ್ತಾರು ವರ್ಷ ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚಿಕೊಂಡಿದ್ದವನು ನಾನು. ಅಷ್ಟೂ ಮಾತು ಇವತ್ತು ಒಟ್ಟಿಗೇ ಬಂದರೆ ಮೇಷ್ಟ್ರು ದಯವಿಟ್ಟು ನನ್ನ ಅಂಗಿಯ ಚುಂಗು ಎಳೆಯಬೇಕು. ಮನೆಯಿಂದ ಹೊರಡುವಾಗ ನನ್ನ ಹೆಂಡತಿ ಮಿಂಜಾ ಹೇಳಿದ್ದು ಎರಡೇ ಮಾತು. ಬೇಗ ಮುಗಿಸು, ಮಷೀನನ್ನು ಬೈಯಬೇಡ. ಮೊದಲನೆಯದು ನನ್ನ ಕೈಯಲ್ಲಿಲ್ಲ. ಎರಡನೆಯದನ್ನು ಪಾಲಿಸಲು ಪ್ರಯತ್ನಿಸುತ್ತೇನೆ.

ಈ ಗಾಜಿನ ಚೌಕಟ್ಟನ್ನು ಮ್ವಾಂಜಾ ಪಟ್ಟಣದಲ್ಲಿ ಹಾಕಿಸಿದ್ದಂತೆ. ಒಳಗೆ ಚಿನ್ನದ ಬಣ್ಣದ ಅಕ್ಷರದಲ್ಲಿ ಹೀಗೆ ಬರೆದಿದೆ: "ಮೂರನೆಯ ಗುಂಡಿಯ ರಾಟೆಯನ್ನು ಇಪ್ಪತ್ತಾರು ವರ್ಷ ನಡೆಸಿದ, ಒಮ್ಮೆಯೂ ಜಾರದ ಕೈಗೆ." ಕೆಳಗೆ ನನ್ನ ಹೆಸರು, ಬುಂದಾಲ ಲುಗೆಂಬೆ. ಮೇಷ್ಟ್ರು ಇದನ್ನು ಗಟ್ಟಿಯಾಗಿ ಓದಿದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ಒಮ್ಮೆ ಓದಿಕೊಂಡೆ. ಇನ್ನೊಮ್ಮೆ ಓದಿಕೊಂಡೆ. ಆಮೇಲೆ ಯಾಕೋ ಅದನ್ನು ಮಗುಚಿ ಮಡಿಲಲ್ಲಿಟ್ಟುಕೊಂಡೆ.

ಮುಖ್ಯ ಅತಿಥಿಗಳು ನಮ್ಮ ಕಡೆಗೆ ಹೊಸಬರು. ಅವರಿಗೊಂದು ವಿಷಯ ಹೇಳಬೇಕು. ಸ್ವಾಮಿ, ನಮ್ಮಲ್ಲಿ ಗುಂಡಿಗೆ ಇಳಿಯುವವನು ಬರಿಗಾಲಲ್ಲಿ ಇಳಿಯುತ್ತಾನೆ. ತನ್ನ ಟಯರ್ ಚಪ್ಪಲಿಯನ್ನು ಬಿಚ್ಚಿ, ರಾಟೆ ತಿರುಗಿಸುವವರ ಕಾಲ ಬಳಿ ಬಿಡುತ್ತಾನೆ. ಯಾರ ಮುಂದೆ ಬಿಟ್ಟನೋ ಅವರೇ ಆ ದಿನ ಅವನ ರಾಟೆ ಹಿಡಿಯಬೇಕು. ಚಪ್ಪಲಿಯ ತುದಿಯನ್ನು ಗುಂಡಿಯಿಂದ ಆಚೆಗೆ ತಿರುಗಿಸಿಡುವುದು ಹಿಡಿದವರ ಕೆಲಸ. ಮೇಲೆ ಬಂದವನು ಮೆಟ್ಟಿಕೊಂಡು ನೇರ ಮನೆಗೆ ನಡೆಯಲಿ ಎಂದು. ಇಳಿಯುವವನ ಆಯ್ಕೆಯನ್ನು ಸಮಿತಿಯೂ ತಳ್ಳಿಹಾಕುವ ಹಾಗಿಲ್ಲ. ಜೀವ ಅವನದು, ಆರಿಸುವ ಹಕ್ಕೂ ಅವನದೇ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನನ್ನ ಕಾಲ ಬಳಿ ಎಷ್ಟು ಚಪ್ಪಲಿ ಬಿದ್ದಿವೆ! ಒಂದು ಕಾಲದಲ್ಲಿ ಐದನೆಯ ಗುಂಡಿಯವರೂ ನಮ್ಮ ಗುಂಡಿಗೆ ಬಂದು ಸಾಲು ನಿಲ್ಲುತ್ತಿದ್ದರು. ಆಗಿನ ರಾಟೆ ಅಂದರೆ ಏನು? ಒಂದು ಮರದ ದಿಮ್ಮಿ, ಒಂದು ಕಬ್ಬಿಣದ ಹಿಡಿಕೆ, ಹಗ್ಗ, ಅಷ್ಟೇ. ಬ್ರೇಕ್ ಎಲ್ಲಿತ್ತು? ಇಗೋ, ಈ ಎರಡು ಅಂಗೈ. ಕೈ ಬಿಟ್ಟರೆ ಹಿಡಿಕೆ ಗಿರ್ರನೆ ಹಿಂದಕ್ಕೆ ತಿರುಗುತ್ತಿತ್ತು, ಕೆಳಗಿನವನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಐದನೆಯ ಗುಂಡಿಯಲ್ಲಿ ಹಾಗೆಯೇ ಆಯಿತು. ರಾಟೆಯವನ ಕುತ್ತಿಗೆಗೆ ಕಣಜದ ಹುಳ ಕಚ್ಚಿತು, ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಬಿದ್ದವನ ಹೆಸರು ಹೇಳುವುದಿಲ್ಲ, ಅವನ ತಾಯಿ ಆ ಕಿಟಕಿಯ ಹತ್ತಿರವೇ ಇದ್ದಾರೆ. ಅವನ ಚಪ್ಪಲಿ ಮೂರು ದಿನ ಅಲ್ಲೇ ಇತ್ತು, ತುದಿ ಮನೆಯ ಕಡೆಗೆ. ಯಾರಿಗೂ ಮುಟ್ಟುವ ಧೈರ್ಯವಿರಲಿಲ್ಲ. ಕೊನೆಗೆ ಕಮ್ಮಾರ ನ್ಕ್ವಾಬಿ ಹೋಗಿ ಅದನ್ನು ಎತ್ತಿ ಆ ತಾಯಿಯ ಕೈಗೆ ಕೊಟ್ಟು ಬಂದ. ಬಂದವನೇ ಕುಲುಮೆಯ ಬಾಗಿಲು ಹಾಕಿಕೊಂಡ. ಎರಡು ತಿಂಗಳು ಯಾರ ಗುದ್ದಲಿಯನ್ನೂ ತಟ್ಟಿಕೊಡಲಿಲ್ಲ.

ಹೊರಗೆ ಬಂದಾಗ ಅವನ ಬಳಿ ಇದ್ದದ್ದೇ ಈಗ ನಮ್ಮ ಎಲ್ಲ ಗುಂಡಿಗಳ ಮೇಲಿರುವ ಮಷೀನು. ನೇಗಿಲ ತಟ್ಟೆ ಕತ್ತರಿಸಿ ಮಾಡಿದ ಹಲ್ಲಿನ ಚಕ್ರ, ಹಳೆಯ ಲಾರಿಯ ಕ್ಲಚ್ ಬಿಲ್ಲೆ, ಹಲ್ಲಿಗೆ ಸಿಕ್ಕಿಕೊಳ್ಳುವ ಒಂದು ಕಬ್ಬಿಣದ ನಾಲಗೆ. ಮೇಲೆತ್ತುವಾಗ ಟಿಕ್ ಟಿಕ್ ಅನ್ನುತ್ತದೆ. ಕೈ ಬಿಟ್ಟಿರೋ, ಕಟಕ್ ಎಂದು ತಾನೇ ಹಿಡಿದುಕೊಳ್ಳುತ್ತದೆ. ಯಾರೂ ಏನೂ ಒತ್ತಬೇಕಾಗಿಲ್ಲ. ತೂಗುತ್ತಿರುವವನ ಭಾರವೇ ಬಿಲ್ಲೆಗಳನ್ನು ಬಿಗಿಯುತ್ತದೆ. ಭಾರ ಹೆಚ್ಚಾದಷ್ಟೂ ಹಿಡಿತ ಹೆಚ್ಚು. ಬೀಳಿಸಬೇಕಾದ ತೂಕವೇ ಬೀಳದ ಹಾಗೆ ಕಾಯುವ ಇಂಥ ಉಪಾಯ ನ್ಕ್ವಾಬಿಯ ತಲೆಗೆ ಹೇಗೆ ಬಂತೋ, ನನಗಂತೂ ಗೊತ್ತಿಲ್ಲ.

ಇದನ್ನೆಲ್ಲ ಇವತ್ತು ಹೇಳುತ್ತಿದ್ದೇನೆ. ಅವತ್ತು ಏನು ಹೇಳಿದೆ? ಮಷೀನನ್ನು ಪರೀಕ್ಷಿಸುವ ದಿನ ನ್ಕ್ವಾಬಿ ತಾನೇ ಹಗ್ಗದ ಪಟ್ಟಿಯಲ್ಲಿ ಕುಳಿತ. ನಾನು ಅವನನ್ನು ನಾಲ್ಕು ಆಳುದ್ದ ಇಳಿಸಿ ನಿಲ್ಲಿಸಿದೆ. ಕೆಳಗಿನಿಂದ ಕೂಗಿದ, "ಬಿಡಣ್ಣ ಈಗ."

"ಬಿಡಲ್ಲ ಹೋಗೋ," ಕಟ್ಟಳೆ ಮರೆತು ಅಂದೆ.

"ಕೈ ಬಿಡದೆ ಪರೀಕ್ಷೆ ಹೆಂಗಣ್ಣ ಆಗುತ್ತೆ?"

ಜನರೆಲ್ಲ ನಕ್ಕರು. ನನಗೆ ಆಗಲಿಲ್ಲ ಸ್ವಾಮಿ, ಬೆರಳು ಬಿಚ್ಚಲೇ ಇಲ್ಲ. ಕೊನೆಗೆ ಅವನನ್ನು ಮೇಲೆಳೆದು, ಅವನ ಬದಲು ಕಲ್ಲಿನ ಮೂಟೆ ಕಟ್ಟಿ ಕೈ ಬಿಟ್ಟೆ. ಮೂಟೆ ನಿಂತಲ್ಲೇ ನಿಂತಿತು. ನನಗೆ ಸಿಟ್ಟು ಬಂತು. ಅದು ಬೀಳಲಿ ಎಂದು ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಆಸೆಯಿತ್ತು ಅಂತ ಕಾಣುತ್ತದೆ. ಮಿಂಜಾ, ಬೈಯುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಅಲ್ಲಿಂದ ಆರು ವರ್ಷ ನನ್ನದು ಒಂದೇ ಜಂಬ. ಸಂಜೆ ಚಹಾದಂಗಡಿಯಲ್ಲಿ ಕುಳಿತು, ಇವತ್ತೂ ಮಷೀನಿಗೆ ಕೆಲಸ ಕೊಡಲಿಲ್ಲ ಕಣ್ರೋ ಎನ್ನುತ್ತಿದ್ದೆ. ಬ್ರೇಕು ಜಾರುವ ಕೈಯವರಿಗೆ, ನನ್ನಂಥವರಿಗಲ್ಲ ಎನ್ನುತ್ತಿದ್ದೆ. ನ್ಕ್ವಾಬಿ ಪಕ್ಕದಲ್ಲೇ ಕುಳಿತು ಸುಟ್ಟ ಗೆಣಸು ತಿನ್ನುತ್ತಿರುತ್ತಿದ್ದ. ಒಂದು ದಿನವೂ ಎದುರಾಡಲಿಲ್ಲ. ಆ ಮನುಷ್ಯನಿಗೆ ಯಾವ ಚೌಕಟ್ಟು ಹಾಕಿಸಿದ್ದೇವೆ ನಾವು?

ಹೋದ ತಿಂಗಳು ನಾನು ಕೆಲಸ ಬಿಡುತ್ತೇನೆ ಎಂದಾಗ, ಆ ಜಾಗಕ್ಕೆ ಕಬುಲಾ ಅರ್ಜಿ ಕೊಟ್ಟಳು. ಮೂರನೆಯ ಗುಂಡಿಗೆ ಇಳಿಯುವ ನಮ್ಮ ಶಿಜಾನ ಮಗಳು. ಎರಡು ವರ್ಷದಿಂದ ಗುಂಡಿಯ ಬಾಯಲ್ಲಿ ಕಲ್ಲು ಕುಟ್ಟುತ್ತಾ ಮಷೀನಿನ ಒಂದೊಂದು ಹಲ್ಲನ್ನೂ ತಿಳಿದುಕೊಂಡವಳು. ಅದಕ್ಕೆ ಎಣ್ಣೆ ಹಾಕುತ್ತಿದ್ದವಳೂ ಅವಳೇ, ನಾನಲ್ಲ. ಗಂಡ ಸರೋವರದಲ್ಲಿ ದೋಣಿ ಮಗುಚಿ ತೀರಿಹೋದ ಮೇಲೆ ಎರಡು ಮಕ್ಕಳನ್ನು ಆ ಕಲ್ಲಿನ ಪುಡಿಯಲ್ಲೇ ಸಾಕುತ್ತಿದ್ದಾಳೆ. ಅವಳ ಕೆಮ್ಮು ನಿಮಗೆಲ್ಲ ಕೇಳಿಸಿದೆ. ಕಲ್ಲು ಕುಟ್ಟುವುದು ಬಿಡದಿದ್ದರೆ ಎದೆ ಉಳಿಯುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಸಮಿತಿಯವರು ನನ್ನ ಅಭಿಪ್ರಾಯ ಕೇಳಿದರು. ನಾನು ಹೇಳಿದ ಮಾತು ಮೇಷ್ಟ್ರ ಪುಸ್ತಕದಲ್ಲಿದೆ. "ಮಷೀನು ಕಿವುಡು ಕಬ್ಬಿಣ. ಜೀವ ಹಿಡಿಯೋದು ಕೈ. ಆ ಕೈ ಯಾವತ್ತೂ ಜಾರಿರಬಾರದು, ಜಾರಲೂಬಾರದು. ಹೆಂಗಸಿನ ಕೈ ಬೇಡ." ಅರ್ಜಿ ಬಿದ್ದುಹೋಯಿತು. ಬುಂದಾಲ ಹೇಳಿದ ಮೇಲೆ ಮುಗಿಯಿತಲ್ಲ.

ಏನೋ ಹೇಳಲು ಹೊರಟಿದ್ದೆ. ಹಾಂ, ನಮ್ಮ ಮನೆಯ ಲೋಟಗಳ ವಿಷಯ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಆರು ಗಾಜಿನ ಲೋಟಗಳಿದ್ದವು, ಮಗಳ ಮದುವೆಯಲ್ಲಿ ಬಂದವು. ಈಗ ಒಂದೂ ಇಲ್ಲ. ಬೆಳಗ್ಗೆ ಚಹಾ ಕುಡಿಯುವಾಗ ಬೆರಳು ಮರಗಟ್ಟುತ್ತಿತ್ತು, ಲೋಟ ಬೀಳುತ್ತಿತ್ತು. ಮಿಂಜಾ ಏನೂ ಕೇಳಲಿಲ್ಲ. ಆರನೆಯದು ಒಡೆದ ದಿನ ಸಂತೆಯಿಂದ ಪ್ಲಾಸ್ಟಿಕ್ ಲೋಟ ತಂದಳು, ಅದರಲ್ಲೇ ಚಹಾ ಕೊಟ್ಟಳು. ನಾನೂ ಕೇಳಲಿಲ್ಲ. ಲೋಟ ತಾನೇ, ಬೀಳುತ್ತದೆ ಎಂದುಕೊಂಡೆ. ಅದೇ ಬೆರಳಲ್ಲಿ ಹೋಗಿ ಹಿಡಿಕೆ ಹಿಡಿಯುತ್ತಿದ್ದೆ.

ಎರಡು ವರ್ಷದ ಹಿಂದಿನ ಆ ಮಳೆಗಾಲ ಮುಗಿದ ವಾರ, ಒಂದು ಬೆಳಗ್ಗೆ, ಶಿಜಾ ನನ್ನ ಮುಂದೆ ಚಪ್ಪಲಿ ಬಿಟ್ಟು ಇಳಿದ. ಎರಡು ತಾಸಿನ ಮೇಲೆ ಹಗ್ಗ ಜಗ್ಗಿ ಸನ್ನೆ ಮಾಡಿದ. ಎತ್ತತೊಡಗಿದೆ. ಟಿಕ್, ಟಿಕ್, ಟಿಕ್. ಗುಂಡಿಯ ಆಳ ಇಪ್ಪತ್ತು ಆಳುದ್ದ. ಹದಿನೈದು ಬಂದಿರಬೇಕು.

ಕಟಕ್.

ನೋಡುತ್ತೇನೆ, ನನ್ನ ಎರಡೂ ಕೈ ಗಾಳಿಯಲ್ಲಿವೆ. ಯಾವಾಗ ಬಿಟ್ಟೆನೋ ನನಗೇ ಗೊತ್ತಿಲ್ಲ. ಕಣಜ ಇರಲಿಲ್ಲ, ಏನೂ ಇರಲಿಲ್ಲ. ಹಿಡಿಕೆ ನನ್ನ ಮುಂದೆ ಸುಮ್ಮನೆ ನಿಂತಿದೆ. ಹಗ್ಗ ಬಿಗಿಯಾಗಿದೆ. ಅದರ ತುದಿಯಲ್ಲಿ ಶಿಜಾ ತೂಗುತ್ತಿದ್ದಾನೆ. ಅವನ ಚಪ್ಪಲಿ ನನ್ನ ಕಾಲ ಬಳಿ ಇದೆ.

ಎಷ್ಟು ಹೊತ್ತು ಹಾಗೆ ನಿಂತೆನೋ. ಕೆಳಗಿನಿಂದ ದನಿ ಬಂತು. "ಬುಂದಾಲಣ್ಣ, ಚಾ ಕುಡಿಯೋಕ್ಕೆ ಹೋದ್ಯೇನೋ?"

ನಾನು ಮಾತಾಡಲಿಲ್ಲ. ರಾಟೆಯವನು ಮಾತಾಡಬಾರದಲ್ಲ. ಹಿಡಿಕೆ ಹಿಡಿದು ಅವನನ್ನು ಎತ್ತಿದೆ. ಮೇಲೆ ಬಂದವನು ಚಪ್ಪಲಿ ಮೆಟ್ಟಿಕೊಂಡು ನನ್ನ ಮುಖ ನೋಡಿದ. "ಹಗ್ಗ ಒಂದ್ಸಲ ಸೀನಿತು ಕಣಣ್ಣ," ಅಂದ. ಅಷ್ಟೇ. ಅವತ್ತು ಸಂಜೆ ಚಹಾದಂಗಡಿಯಲ್ಲಿ ನಾನು ಜಂಬ ಕೊಚ್ಚಿದೆ. ಅವತ್ತೂ ಕೊಚ್ಚಿದೆ ಸ್ವಾಮಿ. ಶಿಜಾ ಎದುರಿಗೇ ಕುಳಿತಿದ್ದ, ತಲೆ ತಗ್ಗಿಸಿ ತನ್ನ ಲೋಟ ನೋಡುತ್ತಿದ್ದ.

ಮರುದಿನ ಅವನು ಬೇರೆಯವರ ಹತ್ತಿರ ಹೋಗುತ್ತಾನೆ ಎಂದುಕೊಂಡಿದ್ದೆ. ಬಂದ, ಚಪ್ಪಲಿ ಬಿಚ್ಚಿದ, ನನ್ನ ಮುಂದೆಯೇ ಬಿಟ್ಟ. ಅದರ ಮರುದಿನವೂ. ಎರಡು ವರ್ಷ. ಯಾರಿಗೂ ಒಂದು ಮಾತು ಹೇಳಲಿಲ್ಲ. ಹೋದ ತಿಂಗಳು ಅವನ ಮಗಳ ಅರ್ಜಿಯನ್ನು ನಾನು ಬೀಳಿಸುವಾಗ ಅವನು ಇದೇ ಬೆಂಚಿನ ಮೇಲಿದ್ದ. ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ಈಗಲೂ ನೋಡಿ, ತಲೆ ತಗ್ಗಿಸಿಕೊಂಡೇ ಕುಳಿತಿದ್ದಾನೆ. ತಲೆ ಎತ್ತಪ್ಪ ಶಿಜಾ. ತಗ್ಗಿಸಬೇಕಾದವನು ನೀನಲ್ಲ.

ಸಮಿತಿಯವರು ಗಾಬರಿಯಾಗಬಾರದು. ಚೌಕಟ್ಟನ್ನು ಒಡೆಯುವುದಿಲ್ಲ, ಒಳ್ಳೆಯ ಗಾಜು. ಒಳಗಿನ ಕಾಗದ ತೆಗೆದು, ನ್ಕ್ವಾಬಿಯ ಹೆಸರು ಬರೆಸಿ ಕುಲುಮೆಯ ಗೋಡೆಗೆ ತೂಗುಹಾಕಿ. ಜಾರದ ಕೈ ಅವನು ಮಾಡಿದ್ದು, ನನ್ನದಲ್ಲ. ಜಾರದ ಕೈ ಯಾರಿಗಿದೆ? ನಿಮಗಿದೆಯೇ? ಇಲ್ಲವೆಂದೇ ಅಲ್ಲವೇ ಅವನು ಎರಡು ತಿಂಗಳು ಬಾಗಿಲು ಹಾಕಿಕೊಂಡು ಕುಳಿತದ್ದು?

ಕಬುಲಾಳ ಅರ್ಜಿಯ ವಿಷಯವನ್ನು ಮತ್ತೆ ಸಮಿತಿಯ ಮುಂದಿಡಿ ಎಂದು ನಾನು ಕೇಳುವುದಿಲ್ಲ. ನೀವು ಚರ್ಚೆ ಮಾಡುತ್ತೀರಿ, ಮುಂದೂಡುತ್ತೀರಿ, ಅಷ್ಟರಲ್ಲಿ ಆ ಹುಡುಗಿಯ ಎದೆ ಹೋಗುತ್ತದೆ. ನನ್ನ ಬಳಿ ಬೇರೆ ದಾರಿಯಿದೆ. ಇನ್ನೊಂದು ಗುಟ್ಟು ಹೇಳುತ್ತೇನೆ, ನಗಬೇಡಿ. ಇಪ್ಪತ್ತಾರು ವರ್ಷದಲ್ಲಿ ನಾನು ಒಂದು ಸಲವೂ ಗುಂಡಿಗೆ ಇಳಿದಿಲ್ಲ. ಭಯ. ಇನ್ನೊಬ್ಬರ ಕೈಗೆ ನನ್ನ ಜೀವ ಕೊಡಲು ಭಯ. ನೀವೆಲ್ಲ ದಿನಾ ಬೆಳಗ್ಗೆ ನನಗೆ ಕೊಟ್ಟದ್ದನ್ನು ನಾನು ಒಮ್ಮೆಯೂ ಯಾರಿಗೂ ಕೊಟ್ಟವನಲ್ಲ.

ನಾಳೆ ಬೆಳಗ್ಗೆ ನಾನು ಮೂರನೆಯ ಗುಂಡಿಗೆ ಇಳಿಯುತ್ತೇನೆ. ಇಳಿಯುವವನ ಆಯ್ಕೆಯನ್ನು ಸಮಿತಿಯೂ ತಳ್ಳಿಹಾಕುವ ಹಾಗಿಲ್ಲ. ನೆನಪಿಟ್ಟುಕೊಳ್ಳಿ ಎಂದು ಆಗಲೇ ಹೇಳಿದ್ದೆನಲ್ಲ? ಮೇಷ್ಟ್ರೇ, ಅಂಗಿ ಎಳೆಯಬೇಡಿ, ಮುಗಿಯಿತು.

ಕಬುಲಾ, ಕಿಟಕಿ ಬಿಟ್ಟು ಒಳಗೆ ಬಾ ಮಗಳೇ. ಇನ್ನೂ ಹತ್ತಿರ. ಅಲ್ಲೇ ನಿಲ್ಲು. ಇಗೋ ನನ್ನ ಚಪ್ಪಲಿ. ತುದಿಯನ್ನು ಮನೆಯ ಕಡೆಗೆ ತಿರುಗಿಸುವುದು ನಿನ್ನ ಕೆಲಸ.

ಹಾಂ. ಹಾಗೆ.

ನನ್ನನ್ನು ಕರೆದ ಸಂಘಕ್ಕೆ, ಕಾದು ಕುಳಿತ ನಿಮಗೆ, ಎದುರಾಡದ ನ್ಕ್ವಾಬಿಗೆ, ಬಾಯಿ ಬಿಡದ ಶಿಜಾನಿಗೆ, ಲೋಟದ ವಿಷಯ ಕೇಳದ ನನ್ನ ಮಿಂಜಾಳಿಗೆ ಕೃತಜ್ಞತೆಗಳು. ಸೋಡಾ ಕುಡಿಯಿರಿ. ನಾಳೆ ಗುಂಡಿಯ ಬಾಯಿಗೆ ಎಲ್ಲರೂ ಬನ್ನಿ. ಬರಿಗಾಲಲ್ಲೇ ನಿಂತು ಹೇಳುತ್ತಿದ್ದೇನೆ, ನಮಸ್ಕಾರ.