ತಳ್ಳದೇ ಎದ್ದ ಸದ್ದು

ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರಲ್ಲ. ನಮ್ಮ ಚಿಕ್ಕಮ್ಮನ ಮಗಳು ಆ ರಾತ್ರಿ ಅಳ್ತಾ ಮನೆಗೆ ಹೊರಟಿದ್ದಳು. ಅವಳು ಕೆಲಸ ಮಾಡೋ ಪ್ರಯೋಗಾಲಯದ ಹಿಂದೆ ಒಂದು ಹಾಳುಬಾವಿ. ಇನ್ನೇನು ಅದನ್ನ ದಾಟಬೇಕು, ಅಷ್ಟರಲ್ಲಿ ಪ್ರಯೋಗಾಲಯದ ಕಡೆಯಿಂದ ಕೇಳಿಸ್ತು... ಹುಂಂಂ...

ಅವಳು ಅಳ್ತಿದ್ದಿದ್ದು ಅಣ್ಣನ ಬೋರ್ಡಿಗೋಸ್ಕರ. ಆಸಿಲೇಟರ್ ಸರ್ಕ್ಯೂಟು ಅದು, ಅಂದ್ರೆ ಕರೆಂಟು ಕೊಟ್ಟರೆ ತಾನೇ ಒಂದು ಸ್ವರ ಗುನುಗೋದು. ವೋಲ್ಟೇಜು ಏರಿಸಿದರೆ ಸ್ವರ ಏರುತ್ತೆ, ಇಳಿಸಿದರೆ ಇಳಿಯುತ್ತೆ. ಅಣ್ಣ ಬೋರ್ಡು ಕಟ್ಟೋನು, ತಂಗಿ ಅದರ ನಡತೆಯನ್ನ ಸಮೀಕರಣ ಮಾಡಿ ಕಂಪ್ಯೂಟರಿಗೆ ಹಾಕೋಳು. ಅಣ್ಣ ಆ ಮೇಜಿನ ಮುಂದೆಯೇ ಎದೆ ಹಿಡ್ಕೊಂಡು ಕುಸಿದು ಹೋಗಿಬಿಟ್ಟ, ಪಾಪ. ಅವನ ಕೊನೇ ಬೋರ್ಡಿನಲ್ಲಿ ಅಳೆದ ಸ್ವರಕ್ಕೂ ಇವಳ ಲೆಕ್ಕಕ್ಕೂ ಏನು ಮಾಡಿದರೂ ತಾಳೆಯಾಗ್ತಿಲ್ಲ. "ಬೆಳಗ್ಗೆಯೊಳಗೆ ಹೊಂದದಿದ್ರೆ ಅದು ಗುಜರಿಗೆ," ಅಂದಿದ್ರು ಪ್ರಯೋಗಾಲಯದ ಸಾಹೇಬರು. ಅಣ್ಣ ಕೈಯಾರೆ ಮಾಡಿದ್ದು ಅಂತ ಉಳಿದಿದ್ದು ಅದೊಂದೇ ರೀ!

ಕಂಪ್ಯೂಟರ್ ಆಫ್ ಮಾಡೋದು ಮರೆತೆ ಅಂದ್ಕೊಂಡು ವಾಪಸ್ ಹೋದಳು. ಬೋರ್ಡಿನ ವೈರು ಕಿತ್ತೇ ಇತ್ತು. ಸದ್ದು ಕಂಪ್ಯೂಟರಿನ ಸ್ಪೀಕರಿನಿಂದ ಬರ್ತಿತ್ತು, ಅವಳ ಲೆಕ್ಕ ತಾನೇ ಓಡ್ತಿತ್ತು.

ಪರದೆ ನೋಡಿದಳು... ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

ನೋಡಿ, ನಿಜವಾದ ಸರ್ಕ್ಯೂಟು ತಂತಿಯೊಳಗಿನ ಚೂರುಪಾರು ಗದ್ದಲದಿಂದಲೇ ಶುರುವಾಗುತ್ತೆ. ಲೆಕ್ಕದಲ್ಲಿ ಆ ಗದ್ದಲ ಇರಲ್ಲ. ಮೊದಲು ನಾವೇ ಒಂದು ಸಣ್ಣ ತಳ್ಳು ಕೊಡಬೇಕು. ಅಳುವಿನಲ್ಲಿ ಇವಳು ಅದನ್ನ ಮರೆತಿದ್ದಳು. ಶುರುವಿನ ಅಂಕಿಗಳೆಲ್ಲ ಸೊನ್ನೆ. ಬರಬೇಕಾದ್ದು ಬರೀ ಮೌನ.

"ಅಣ್ಣಾ... ನೀನೇನೋ?"

ಸ್ವರ ಇಳಿದು, ಮೆಲ್ಲಗೆ ಏರಿತು. ಹ್ಞೂಂ. ಬಾಯಿ ತೆರೆಯೋಕೂ ಸೋಮಾರಿ ಆ ಪುಣ್ಯಾತ್ಮ, ಬದುಕಿದ್ದಾಗಲೂ ಹಾಗೇ ಅಂತಿದ್ದ. ವೋಲ್ಟೇಜನ್ನ ಇವಳು ಮುಟ್ಟೇ ಇರಲಿಲ್ಲ.

ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು. ಆದ್ರೂ ಬೋರ್ಡಿನ ಆಸೆ ನೋಡಿ, ಪಿಸುಗುಟ್ಟಿದಳು. "ನನ್ನ ಲೆಕ್ಕ ಎಲ್ಲಿ ತಪ್ಪಿದೆ? ಕೆಪಾಸಿಟರಾ?"

ಹುಂಂಂ... ಒಂದೇ ಸಮ.

"ಟ್ರಾನ್ಸಿಸ್ಟರಾ?"

ಒಂದೇ ಸಮ.

"ಮತ್ತೇನೋ... ಬಿಸಿನಾ?"

ಹ್ಞೂಂ.

ಟಿಕ್ ಅಂತ ಸದ್ದು ನಿಂತಿತು. ಎಷ್ಟು ಕರೆದರೂ ಮತ್ತೆ ಬರಲಿಲ್ಲ. ಅವಳು ಕಣ್ಣೊರೆಸಿಕೊಂಡು ಕೂತಳು. ಏಸಿ ಕೋಣೆ ಅಂತ ಲೆಕ್ಕದಲ್ಲಿ ಇಪ್ಪತ್ತು ಡಿಗ್ರಿ ಹಾಕಿದ್ದನ್ನ ಒಂದೊಂದೇ ಏರಿಸ್ತಾ ಹೋದಳು. ಮೂವತ್ತೇಳಕ್ಕೆ ಬಂದಾಗ ಬೋರ್ಡಿನ ಗೆರೆ, ಲೆಕ್ಕದ ಗೆರೆ ಎರಡೂ ಒಂದರ ಮೇಲೊಂದು ಕೂತ್ಕೊಂಡವು.

ಬೆಳಗ್ಗೆ ಸಾಹೇಬರು ಕನ್ನಡಕ ಏರಿಸಿದರು. "ಈ ಚಳಿ ಕೋಣೇಲಿ ಮೂವತ್ತೇಳು ಎಲ್ಲಿಂದ ಬಂತಮ್ಮಾ? ಅದು ಮನುಷ್ಯರ ಮೈ ಬಿಸಿ!" ಅಂತ ಬೋರ್ಡನ್ನ ಎತ್ಕೊಳ್ಳೋಕೆ ಕೈ ಹಾಕಿದರು. ತಕ್ಷಣ ಕೈ ಹಿಂದೆ ತಗೊಂಡರು. "ನೀನೇ ಇಟ್ಕೋ," ಅಂದರು ಅಷ್ಟೇ, ಮುಖ ನೋಡದೆ ಹೊರಟುಹೋದರು.

ಸುಳ್ಳಾದ್ರೆ ನನ್ನ ಕಿವಿ ಹಿಂಡಿ. ಅವಳ ಮನೆಗೆ ಹೋದಾಗ ಆ ಬೋರ್ಡನ್ನ ನಾನೂ ಮುಟ್ಟಿ ನೋಡಿದೀನಿ. ಕರೆಂಟಿಲ್ಲ, ಬ್ಯಾಟರಿ ಇಲ್ಲ... ಬೆಚ್ಚಗಿದೆ.