ಊರಿಗೆ ತಲುಪಿತು ಎಂದರೆ ಎಲ್ಲಿಗೆ?

ಒಂದು ರಾಜಧಾನಿಯಲ್ಲಿ ಒಬ್ಬ ವಿದ್ವಾಂಸೆ ಇದ್ದಳು. ಸಿರಿವಂತೆ ಅಲ್ಲ, ಆದರೆ ಅವಳ ಒಂದು ಸಹಿಗೆ ದೊಡ್ಡ ದೊಡ್ಡ ಫೋನ್ ಕಂಪನಿಗಳು ಕಾಯುತ್ತಿದ್ದವು. ಫೋನಿಗೆ ಅರ್ಜಿ ಹಾಕಿ ಎಂಟು ವರ್ಷ ಕಾಯುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವಳು. ಯಾವ ಊರಿಗೆ ತಂತಿ ಹೋಗಬೇಕು, ಇಂಟರ್ನೆಟ್ ಹೇಗೆ ಮುಟ್ಟಬೇಕು ಎಂದು ಮೂವತ್ತು ವರ್ಷ ನಿಯಮ ಬರೆದಳು. ಇನ್ನೇನು ಫೋನು, ಇಂಟರ್ನೆಟ್ಟಿನ ನಿಯಮ ಮಾಡುವ ಆಯೋಗದ ಅಧ್ಯಕ್ಷೆ ಆಗಬೇಕು. ಉಳಿದದ್ದು ಒಂದೇ ಸಹಿ: 'ಈ ಜಿಲ್ಲೆಯ ಎಲ್ಲ ಊರುಗಳಿಗೂ ಇಂಟರ್ನೆಟ್ ತಲುಪಿದೆ.'

ನೋಡಿ, ಅವಳದೊಂದು ಪದ್ಧತಿ ಇತ್ತು. ತಾನೇ ಆರಿಸಿದ ಒಂದು ಊರನ್ನು ಕಣ್ಣಾರೆ ಕಾಣದೆ ಸಹಿ ಹಾಕುತ್ತಿರಲಿಲ್ಲ. ಜೊತೆಯ ಅಧಿಕಾರಿ ನಗುತ್ತಿದ್ದ.

"ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿದ್ರೆ ಸಾಕಲ್ವಾ ಮೇಡಂ? ನಮ್ಮೋರು ಹಿಸುಕಿ ನೋಡಿದ್ದಾರೆ."

"ಅಗುಳು ನಾನೇ ಆರಿಸ್ಕೋತೀನಿ ಬಿಡಿ," ಎಂದು ಹೊರಟಳು.

ಗುಡ್ಡದ ಬುಡದ ಊರು. ಪಂಚಾಯಿತಿ ಕಾರ್ಯದರ್ಶಿ ಕಟ್ಟಡದ ಬೀಗ ತೆಗೆದು, ಇಂಟರ್ನೆಟ್ ತಂತಿ ಬಂದು ಸೇರುವ ಒಂದು ಪೆಟ್ಟಿಗೆ ತೋರಿಸಿದ. "ನೋಡ್ರಿ ಮೇಡಂ, ಹಸಿರು ದೀಪ. ಹಗಲೂ ರಾತ್ರಿ ಉರಿತೈತಿ."

"ಇದರಿಂದ ಯಾರ ಕೆಲಸ ಆಗುತ್ತೆ?"

"ಊರಿಗೆ ಬಂದೈತಲ್ರೀ," ಎಂದ ಅವನು, ಮತ್ತೇನು ಬೇಕು ಎನ್ನುವಂತೆ.

ಹೊರಗೆ ಬಂದರೆ ನಿಂಬೆವ್ವ ಎಂಬ ಮುದುಕಿ ಮೊಣಕಾಲು ಹಿಡಿದುಕೊಂಡು ಗುಡ್ಡ ಹತ್ತುತ್ತಿದ್ದಳು.

"ಎಲ್ಲಿಗೆ ಹೊರಟ್ರಿ ಅಜ್ಜಿ?"

"ರೇಷನ್ ಅಕ್ಕಿ ತರಾಕ."

"ಅಂಗಡಿ ಇಲ್ಲೇ ಇದೆಯಲ್ಲ?"

"ಅಂಗಡಿ ಇಲ್ಲೈತಿ, ನೆಟ್‌ವರ್ಕ್ ಮ್ಯಾಲೈತಿ. ಅಂಗಡ್ಯಾಂವ ಮಿಷನ್ ಹೊತ್ಕೊಂಡು ಮ್ಯಾಲೆ ಕುಂತಾನ. ಅಲ್ಲಿ ಹೋಗಿ ಹೆಬ್ಬಟ್ಟು ಒತ್ತಬೇಕು, ಇಳಕೊಂಡು ಬಂದು ಅಕ್ಕಿ ತಗೋಬೇಕು. ದೇವರೂ ಇಷ್ಟು ಹತ್ತಸಂಗಿಲ್ಲ ತಗೀ. ನಿಂದೇನು ಕೆಲಸವ್ವಾ?"

"ಊರೂರಿಗೆ ನೆಟ್‌ವರ್ಕ್ ಹೇಗೆ ಕೊಡಬೇಕು ಅಂತ ಬರೀತೀನಿ."

"ಹಂಗಾರ ಭಾಳ ಓದೀದಿ. ಬಾ, ಕೈ ಹಿಡಕೋ. ಮುಂದ ಕಡಿದಾಗೈತಿ."

ಆ ಕೈ ಹಿಡಿದು ಹತ್ತುವಾಗ ವಿದ್ವಾಂಸೆಗೆ ನಿಯಮದ ಒಂದು ಸಾಲು ನೆನಪಾಯಿತು: 'ಪಂಚಾಯಿತಿ ಕಟ್ಟಡಕ್ಕೆ ತಂತಿ ಮುಟ್ಟಿದರೆ ಊರಿಗೆ ತಲುಪಿದಂತೆ.' ಹದಿನಾಲ್ಕು ವರ್ಷದ ಹಿಂದೆ ಅದನ್ನು ಬರೆದವರು ಯಾರು? ಅವಳೇ. ಆ ದಿನ ಎಲ್ಲರೂ ಹೊಗಳಿದ ಸಾಲು ಅದು.

ಅವಳು ರಾಜಧಾನಿಗೆ ಮರಳಿದಳು, ಆದರೆ ಸಹಿ ಹಾಕಲಿಲ್ಲ. 'ಈ ಸಾಲು ಬರೆದವಳು ನಾನು, ತಪ್ಪು ನನ್ನದು. ರೇಷನ್ ಅಂಗಡಿಯಲ್ಲೇ ಮಿಷನ್ ಹೆಬ್ಬೆಟ್ಟು ಗುರುತಿಸಿದರೆ ಮಾತ್ರ ಊರಿಗೆ ತಲುಪಿದಂತೆ' ಎಂದು ಬರೆದಳು.

"ಸೋಮವಾರ ಅಧ್ಯಕ್ಷರ ಕುರ್ಚಿಗೆ ನಿಮ್ಮ ಹೆಸರು ಮೇಲಕ್ಕೆ ಹೋಗುತ್ತೆ ಮೇಡಂ," ಎಂದ ಜೊತೆಯವನು. "ಒಂದು ವಾರ ತಡೀಬಾರದಾ?"

"ನಾನು ತಡೀಬಹುದು. ಆ ಅಜ್ಜಿ ಮೊಣಕಾಲು ತಡೆಯಲ್ಲ."

ಕುರ್ಚಿ ಬೇರೆಯವರ ಪಾಲಾಯಿತು. ಹೊಸ ನಿಯಮ ಉಳಿಯಿತು. ಎರಡು ವರ್ಷದಲ್ಲಿ ನಿಂಬೆವ್ವ ಅಂಗಡಿಯ ಕಟ್ಟೆಯ ಮೇಲೆ ಕೂತೇ ಹೆಬ್ಬೆಟ್ಟು ಒತ್ತಿದಳು. ಯಾರಿಂದ ಆಯಿತೆಂದು ಅವಳಿಗೆ ಗೊತ್ತಿಲ್ಲ.

ತಾಯಂದಿರೇ, ಅಣ್ಣಂದಿರೇ, ಬೇರೆಯವರು ಮಾಡಿದ ಕಟ್ಟಳೆಯನ್ನು ತಪ್ಪೆನ್ನಲು ಎಷ್ಟು ಹೊತ್ತು ಬೇಕು? ನಾವೇ ಮಾಡಿದ್ದನ್ನು, ಹೊಗಳಿಸಿಕೊಂಡದ್ದನ್ನು ತಪ್ಪೆನ್ನಲು ಎಷ್ಟು ಎದೆ ಬೇಕು? ನಮ್ಮ ಮನೆಗಳಲ್ಲೂ ಹಸಿರು ದೀಪಗಳಿವೆ. 'ಅತ್ತೆಗೆ ಮಾತ್ರೆ ತಂದಿಟ್ಟಿದ್ದೇನೆ' ಎನ್ನುತ್ತೇವೆ. ಆ ಡಬ್ಬಿಯ ಮುಚ್ಚಳ ಅವರ ಕೈಗೆ ತೆರೆಯುತ್ತದೆಯೇ? ಕೇಳಿದ್ದೀರಾ? ನಾಳೆ ಬೆಳಿಗ್ಗೆ ಮುಚ್ಚಳ ತೆಗೆದು, ನೀರು ಕೊಟ್ಟು, ನುಂಗುವವರೆಗೆ ಪಕ್ಕದಲ್ಲಿ ಕೂತಿರಿ. 'ಇಷ್ಟು ದಿನ ನೋಡಲಿಲ್ಲ, ತಪ್ಪು ನನ್ನದು' ಎಂದು ಅವರಿಗೆ ಕೇಳುವಂತೆ ಹೇಳಿ. ಆಮೇಲೆ ಎದ್ದು ನಿಮ್ಮ ಕೆಲಸಕ್ಕೆ ಹೋಗಿ.